ಗೆರಟೆಮಸಿಯ ಗೋಡೆ

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯ ವಾಸನೆ ಹಿಡಿದು ಮೊದಲು ಮೇಲೆ ಬಂದವನು ಬಿಲ್ಡಿಂಗಿನ ವಾಚ್‌ಮನ್. ಮೂರು ಮಹಡಿ ಹತ್ತಿದ ಏದುಸಿರಿನಲ್ಲೇ, "ಆಂಟೀ, ಕುಛ್ ಜಲ್ ರಹಾ ಹೈ ಕ್ಯಾ?" ಎಂದು ಕೇಳಿದ. ಏನೂ ಸುಡುತ್ತಿಲ್ಲ ಎನ್ನೋಣವೆಂದರೆ ಹೊಗೆ ಅವನ ಮೂಗಿನೆದುರೇ ತೇಲಿಕೊಂಡು ಹೋಗುತ್ತಿತ್ತು. "ಹಾಂ ಭೈಯಾ, ಮೈಂ ಹೀ ಜಲಾ ರಹೀ ಹೂಂ" ಎಂದೆ, ಸುಡುತ್ತಿರುವವಳು ನಾನೇ ಎಂದು. ಅವನು ನನ್ನ ಮುಖವನ್ನೊಮ್ಮೆ, ನನ್ನ ಕೈಯಲ್ಲಿದ್ದ ಇಕ್ಕಳವನ್ನೊಮ್ಮೆ ನೋಡಿ ಇಳಿದುಹೋದ. ಸೊಸೈಟಿಯ ಸೆಕ್ರೆಟರಿಗೆ ಹೇಳುವುದೋ ಬೇಡವೋ ಎಂಬ ಅನುಮಾನ ಅವನ ಬೆನ್ನಿನಲ್ಲೇ ಕಾಣುತ್ತಿತ್ತು.

ಸುಡುತ್ತಿದ್ದುದು ಗೆರಟೆ. ಅಂದರೆ ತೆಂಗಿನ ಚಿಪ್ಪು. ನಾನು ಹುಟ್ಟಿದ ಮನೆಯಲ್ಲಿ ಅದನ್ನು ಚಿಪ್ಪು ಎನ್ನುತ್ತಿದ್ದೆವು, ಸೇರಿದ ಮನೆಯಲ್ಲಿ ಗೆರಟೆ ಎನ್ನುತ್ತಾರೆ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹದಿನಾಲ್ಕು ಗೆರಟೆಗಳನ್ನು ಉರಿಸಿ, ಚೆನ್ನಾಗಿ ಕೆಂಡವಾದ ಮೇಲೆ ಮುಚ್ಚಳ ಮುಚ್ಚಿ ಉಸಿರು ಕಟ್ಟಿಸಬೇಕು. ಆಗ ಬೂದಿಯಾಗದೆ ಇದ್ದಿಲಾಗುತ್ತದೆ. ಮೊದಲು ಒಬ್ಬಟ್ಟಿನ ಹೂರಣ ತಳ ಹಿಡಿದಂಥ ಸಿಹಿ ವಾಸನೆ ಬರುತ್ತದೆ. ಆಮೇಲೆ ಕಹಿ. ಕೊನೆಗೆ ಉಳಿಯುವುದು ಸಿಹಿಯೂ ಅಲ್ಲದ ಕಹಿಯೂ ಅಲ್ಲದ ಒಂದು ವಾಸನೆ. ಅದಕ್ಕೆ ಹೆಸರಿಡಲು ನನಗೆ ಬರುವುದಿಲ್ಲ. ಮೂಗಿಗೆ ಅದು ತಗುಲಿದೊಡನೆ ನಾನು ಮುಂಬಯಿಯ ಸಯನ್‌ನ ಈ ಫ್ಲ್ಯಾಟಿನಿಂದ ಎದ್ದು ಕುರ್ಲಾದ ಆ ಹತ್ತಡಿ ಹನ್ನೆರಡಡಿಯ ಕೋಣೆಗೆ ಹೋಗಿಬಿಡುತ್ತೇನೆ. ನೀವೂ ಬನ್ನಿ, ಚಪ್ಪಲಿ ಮಾತ್ರ ಹೊರಗೇ ಬಿಡಿ. ಒಳಗೆ ನಮ್ಮ ಅತ್ತೆ ಇದ್ದಾರೆ.

ನಮ್ಮ ತಂದೆ ತುಮಕೂರು ಕಡೆಯವರು, ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಮುಂಬಯಿಗೆ ಬಂದವರು. ನನ್ನ ಯಜಮಾನರ ಮನೆಯವರು ಉಡುಪಿ ಕಡೆಯವರು. ಮಾವ ಹೋಟೆಲಿನ ಅಡುಗೆಮನೆಯಲ್ಲಿ ಮೇಲ್ವಿಚಾರಕರು. ಈ ಎರಡು ಮನೆಗಳು ಹೇಗೆ ಬೀಗರಾದವು ಎಂಬುದು ಬೇರೆ ಕಥೆ, ಅದರಲ್ಲಿ ಒಂದು ಮಸಾಲೆದೋಸೆಯ ಪಾತ್ರ ದೊಡ್ಡದು. ಅವರು ತಮ್ಮೊಳಗೆ ತುಳು ಆಡುತ್ತಿದ್ದರು. ನನಗಾಗಿ ಮಾತ್ರ, ಹಬ್ಬದ ಪಾತ್ರೆ ಅಟ್ಟದಿಂದ ಇಳಿಸುವಂತೆ, ಕನ್ನಡ ಇಳಿಸುತ್ತಿದ್ದರು. ಮದುವೆಯಾದ ಮೂರನೆಯ ದಿನ ಕುರ್ಲಾದ ಆ ಚಾಳಿನ ಕೋಣೆಗೆ ಬಲಗಾಲಿಟ್ಟು ಒಳಗೆ ಹೋದೆ. ತಲೆ ಎತ್ತಿದರೆ ಎದುರಿಗೆ ಕಪ್ಪು.

ಗೋಡೆಯ ಮೇಲರ್ಧ ಸುಣ್ಣ ಬಳಿದು ಬೆಳ್ಳಗಿತ್ತು. ಸೊಂಟದೆತ್ತರದಿಂದ ಕೆಳಗೆ, ಮೂರು ಗೋಡೆಗೂ ಸುತ್ತಿದಂತೆ, ಕಪ್ಪು ಪಟ್ಟಿ. ನಮ್ಮ ಕಡೆ ಕಪ್ಪು ಎಂದರೆ ಮದುಮಗಳಿಗೆ ತೋರಿಸುವ ಬಣ್ಣವಲ್ಲ. ನನ್ನ ತಾಯಿ ಕಪ್ಪಂಚಿನ ಸೀರೆಯನ್ನೇ ಟ್ರಂಕಿಗೆ ಹಾಕಗೊಟ್ಟಿರಲಿಲ್ಲ. ಸ್ಟವ್ ಹೊಗೆಯಿಂದ ಹೀಗಾಗಿದೆ, ಪಾಪ, ಬಡತನ, ತೊಳೆಯಲು ನೀರಿಲ್ಲ ಎಂದು ಮನಸ್ಸಿನಲ್ಲೇ ಅವರಿಗಾಗಿ ಒಂದು ಸಬೂಬು ಸಿದ್ಧಮಾಡಿಕೊಂಡೆ. ನನ್ನ ದೊಡ್ಡ ಮನಸ್ಸಿನ ಬಗ್ಗೆ ನನಗೇ ಹೆಮ್ಮೆಯಾಯಿತು.

ಅದು ಹೊಗೆಯಲ್ಲ, ಮಾಡಿದ್ದು, ಎಂದು ತಿಳಿದದ್ದು ನವರಾತ್ರಿಗೆ ಮುಂಚೆ. ಮಳೆಗಾಲ ಮುಗಿದು ಗೋಡೆಯ ತೇವ ಆರಿದ ಮೇಲೆ ಅತ್ತೆ ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಹೊಸದು ಮಾಡುತ್ತಿದ್ದರು. ಉಡುಪಿ ಹೋಟೆಲೆಂದರೆ ಗೆರಟೆಯ ಗುಡ್ಡ. ಮಾವ ಗೋಣಿಯಲ್ಲಿ ತುಂಬಿಸಿ ತರುವರು. ಅದನ್ನು ಸುಟ್ಟು, ಒರಳಲ್ಲಿ ಕುಟ್ಟಿ, ಹಳೆಯ ಸೀರೆಯಲ್ಲಿ ಸೋಸಿದರೆ ಕಾಡಿಗೆಯಂಥ ಮಸಿ. ಧಾರಾವಿಯ ಕುಂಬಾರರಿಂದ ತಂದ ಜೇಡಿಮಣ್ಣು, ಸುಣ್ಣ, ಎರಡನ್ನೂ ಕಲಸಿ ತೆಳ್ಳಗೆ ಒಂದು ಹಾಸು. ಅದರ ಮೇಲೆ ದಾಸವಾಳದ ಸೊಪ್ಪನ್ನು ಕಿವುಚಿದ ಲೋಳೆಯಲ್ಲಿ ಕಲಸಿದ ಮಸಿ. ನೀರಿನ ನಲ್ಲಿಯ ಪಕ್ಕದ ದಾಸವಾಳದ ಗಿಡ ಆ ವಾರ ಬೋಳಾಗುತ್ತಿತ್ತು. ಪಕ್ಕದ ಖೋಲಿಯ ಮರಾಠಿ ಹೆಂಗಸು, "ಕಮಲಾಬಾಯಿ, ದೇವರಿಗೆ ಎರಡು ಹೂವಾದರೂ ಬಿಡು" ಎಂದು ತಮ್ಮ ಭಾಷೆಯಲ್ಲಿ ಕೂಗುವರು. "ಹೂವು ನಿಂಗೆ, ಸೊಪ್ಪು ನಂಗೆ" ಎಂದು ಅತ್ತೆ ತಮ್ಮ ಕನ್ನಡದಲ್ಲಿ ಕೂಗುವರು. ಇಬ್ಬರಿಗೂ ಅರ್ಥವಾಗುತ್ತಿತ್ತು.

ನಿಜವಾದ ಕೆಲಸ ಆಮೇಲೆ. ಮಸಿ ಪೂರ್ತಿ ಒಣಗುವ ಮೊದಲು ಒಂದು ಕಲ್ಲಿನಿಂದ ಗೇಣುಗೇಣು ಜಾಗವನ್ನು ಉಜ್ಜುತ್ತ ಹೋಗಬೇಕು. ನಾನೂ ಒಂದು ಮಧ್ಯಾಹ್ನ, ಹೊರಗೆ ಸಿಕ್ಕ ಬೇರೊಂದು ಕಲ್ಲು ಹಿಡಿದು, ಕೂತೆ. ಅರ್ಧ ಗಂಟೆಯಲ್ಲಿ ನನ್ನ ಉಗುರಿನ ಸಂದಿಗೆಲ್ಲ ಮಸಿ ಸೇರಿತು. ಆಗ ನಾನು ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಮರುದಿನ ಸಾಹೇಬರ ಪತ್ರದ ಮೂಲೆಯಲ್ಲಿ ನನ್ನ ಹೆಬ್ಬೆರಳು ಅಚ್ಚಾಗಿತ್ತು. ಅಲ್ಲಿಗೆ ನನ್ನ ಶಿಷ್ಯವೃತ್ತಿ ಮುಗಿಯಿತು. ಅತ್ತೆ, "ನಿನ್ನದು ಕಾಗದದ ಕೆಲಸ. ಬಿಡು" ಎಂದರು.

ಕಪ್ಪೇ ಏಕೆ ಎಂದು ಒಮ್ಮೆ ಕೇಳಿದ್ದೆ.

"ಜನ ಎಲ್ಲಿ ಒರಗುದು? ಗೋಡೆಗೆ. ತಲೆಯಲ್ಲಿ ಎಂತ ಉಂಟು? ಎಣ್ಣೆ. ಬಿಳಿ ಗೋಡೆ ಆದ್ರೆ ಕಲೆ ಆಗ್ತದೆ, ಕರಿ ಗೋಡೆ ಆದ್ರೆ ಹೊಳಪು ಬರ್ತದೆ. ಊರಿನ ಮನೆಯಲ್ಲಿ ಎಲ್ಲ ಹಾಗೇ."

ನಿಜವೇ. ಸಂಜೆ ದೀಪ ಹಚ್ಚಿದ ಮೇಲೆ ಓರೆಯಾಗಿ ನೋಡಿದರೆ ಆ ಪಟ್ಟಿಯ ಮೇಲೆ ಐದು ಕಡೆ, ಚಂದ್ರನಂತೆ, ದುಂಡಗಿನ ಹೊಳಪು. ಅದು ಮಾವನ ತಲೆ, ಇದು ಅತ್ತೆಯದು, ಬಾಗಿಲ ಬಳಿ ನನ್ನ ಯಜಮಾನರದು, ಆಚೆ ಎರಡು ನಾದಿನಿಯರದು, ಅವರು ಮದುವೆಯಾಗಿ ಹೋದರೂ ಹೋಗಿರದ ಹೊಳಪು. ಆ ಮನೆಯಲ್ಲಿ ಕುರ್ಚಿಯಿರಲಿಲ್ಲ, ಆದರೆ ಒಬ್ಬೊಬ್ಬರಿಗೂ ಗೋಡೆಯಲ್ಲಿ ಜಾಗವಿತ್ತು. ನನಗಿರಲಿಲ್ಲ. ನಾನು ಶ್ಯಾಂಪೂ ಹಾಕುವವಳು, ಅಲ್ಲದೆ ಹೊಸಬಳು, ಗೋಡೆಗೆ ತಾಗಿದರೆ ಸೀರೆ ಕಪ್ಪಾದೀತೆಂದು ಎರಡು ಇಂಚು ಬಿಟ್ಟೇ ಕೂರುತ್ತಿದ್ದೆ.

ಇನ್ನೊಂದು ಹೇಳಬೇಕು. ಚಾಳಿನ ಹಿಂದೆಯೇ ರೈಲುಹಳಿ. ಹೊತ್ತು ಮುಳುಗಿದ ಮೇಲೆ ಲೋಕಲ್ ಹೋಗುವಾಗ ಅದರ ಕಿಟಕಿಗಳ ಬೆಳಕು ನಮ್ಮ ಕಿಟಕಿಯಿಂದ ಒಳಗೆ ಬಿದ್ದು ಆ ಕಪ್ಪಿನ ಮೇಲೆ ಓಡುತ್ತಿತ್ತು. ಗೋಡೆಯೊಳಗೊಂದು ಲೋಕಲ್, ಸದ್ದಿಲ್ಲದೆ, ಒಂದೊಂದೇ ಹಳದಿ ಚೌಕ ಹೊತ್ತುಕೊಂಡು ಈ ಮೂಲೆಯಿಂದ ಆ ಮೂಲೆಗೆ. ಆಗ ನನಗೆ ಅದು ಚೆಂದ ಕಾಣಲಿಲ್ಲವೇ? ಕಂಡಿತು. ಕಂಡದ್ದನ್ನು ಒಪ್ಪಿಕೊಳ್ಳಲಿಲ್ಲ, ಅಷ್ಟೆ. ಆ ವಯಸ್ಸಿನಲ್ಲಿ ನನಗೆ ಚೆಂದವೆಂದರೆ ಕ್ಯಾಲೆಂಡರಿನಲ್ಲಿದ್ದಂಥ ಮನೆ.

ಮದುವೆಯಾದ ಎರಡನೆಯ ವರ್ಷ ಅತ್ತೆ ತಮ್ಮನ ಮಗಳ ಮದುವೆಗೆಂದು ಊರಿಗೆ ಹೋದರು. ಒಂದು ತಿಂಗಳು. ಹಿಂದಿರುಗಿದಾಗ ಅವರು ಬೆರಗಾಗಬೇಕು ಎಂದು ನಾನು ಒಂದು ಉಪಾಯ ಮಾಡಿದೆ. ನನ್ನ ಬೋನಸ್ಸಿನಲ್ಲಿ ಪೇಂಟರನ್ನು ಕರೆಸಿದೆ. ಅವನು ಕಪ್ಪು ಪಟ್ಟಿಯನ್ನು ಕೆರೆದು ಹಾಕಿದ. ಸಲೀಸಾಗಿ ಬರಲಿಲ್ಲ, ಎರಡು ದಿನ ಬೈದುಕೊಂಡ. ಆಮೇಲೆ ಅದರ ಮೇಲೆಲ್ಲ ತಿಳಿ ಗುಲಾಬಿ ಆಯಿಲ್ ಪೇಂಟ್. ಒರೆಸಿದರೆ ಫಳಫಳ. ಚಾಳಿನವರೆಲ್ಲ ಬಂದು ನೋಡಿ ಹೋದರು. ಮಾವ ಮಾತ್ರ ಹೋಟೆಲಿನಿಂದ ಬಂದು, ಬಾಗಿಲಲ್ಲೇ ನಿಂತು, "ಕಮಲಂಗೆ ಬರೆದಿದ್ದೀಯಾ?" ಎಂದು ಕೇಳಿದರು. "ಇಲ್ಲ ಮಾವ, ಬಂದಾಗ ನೋಡಲಿ" ಎಂದೆ.

ಬಂದರು. ಬ್ಯಾಗು ಕೆಳಗಿಟ್ಟರು. ಸುತ್ತ ನೋಡಿದರು. ಅಭ್ಯಾಸಬಲದಿಂದ ತಮ್ಮ ಜಾಗಕ್ಕೆ ಹೋಗಿ ಕೂತು ಒರಗಿದರು. ತಲೆ ಗೋಡೆಗೆ ತಾಗಿತು, ಎಣ್ಣೆಪೇಂಟಿನ ಮೇಲೆ ಸರ್ರನೆ ಜಾರಿತು. ಅವರು ಎದ್ದು ಸೆರಗಿನ ತುದಿಯಿಂದ ಗೋಡೆಯ ಕಲೆಯನ್ನು ಒರೆಸಿದರು.

"ಚಂದ ಉಂಟು" ಎಂದರು.

ಅಷ್ಟೆ. ನಾನು ಆ ಎರಡು ಮಾತನ್ನು ಮೆಡಲಿನಂತೆ ಎಷ್ಟೋ ವರ್ಷ ಎದೆಗೆ ಚುಚ್ಚಿಕೊಂಡಿದ್ದೆ. ಅಂದಿನಿಂದ ಅತ್ತೆ ಗೋಡೆಗೆ ಒರಗಿದ್ದನ್ನು ನಾನು ನೋಡಲಿಲ್ಲ. ಕೋಣೆಯ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂರುವರು, ಬಸ್ ಸ್ಟ್ಯಾಂಡಿನಲ್ಲಿ ಕೂತವರ ಹಾಗೆ. ನನ್ನ ಪೇಂಟಿನ ಮೇಲೆ ಎಷ್ಟು ಗೌರವ ನೋಡಿ ಎಂದು ಯಜಮಾನರಿಗೆ ಹೇಳಿಕೊಂಡಿದ್ದೇನೆ. ಅವರು ಪೇಪರು ಮಡಿಸಿ ಇನ್ನೊಂದು ಪುಟ ತಿರುಗಿಸಿದರು. ದಿನಾ ಹಾಲು ಎಷ್ಟು ಬಂತು, ಕರಿಬೇವು ಯಾವಾಗ ಬಾಡಿತು, ಯಾವ ಬರ್ನರ್ ಉರಿ ಕಡಿಮೆಯಾಯಿತು ಎಂಬುದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುವವಳು ನಾನು. ಇದೊಂದನ್ನು ನೋಡಲಿಲ್ಲ.

ಮಾವ ಹೋದರು. ನಾವು ಸಯನ್‌ಗೆ ಬಂದೆವು. ಸಾಮಾನು ಕಟ್ಟುವಾಗ ಅತ್ತೆಯ ಗೂಡಿನಲ್ಲಿ ಮೊಟ್ಟೆಯಾಕಾರದ ಒಂದು ಕಪ್ಪು ಕಲ್ಲು ಸಿಕ್ಕಿತು, ಮುಷ್ಟಿಗೆ ಸರಿಯಾಗಿ ಕೂರುವಂಥದು, ಬೆಣ್ಣೆಯ ಹಾಗೆ ನುಣುಪು. ಮುದ್ದಾಗಿದೆ ಎಂದು ಇಟ್ಟುಕೊಂಡೆ. ಈ ಊರಿನ ಸೆಕೆಯಲ್ಲಿ ದೋಸೆಹಿಟ್ಟು ಹುಳಿ ಬಂದು ಉಬ್ಬಿ ಮುಚ್ಚಳವನ್ನೇ ಎತ್ತಿಬಿಡುತ್ತದೆ. ಬೆಳಿಗ್ಗೆ ಎದ್ದರೆ ಕಟ್ಟೆಯ ತುಂಬ ಹಿಟ್ಟು. ಮುಚ್ಚಳದ ಮೇಲೆ ಭಾರಕ್ಕೆ ಆ ಕಲ್ಲು ಹೇಳಿ ಮಾಡಿಸಿದಂತಿತ್ತು. ಅಂದಿನಿಂದ ಇಪ್ಪತ್ತು ವರ್ಷಕ್ಕೂ ಮೇಲೆ ಅದಕ್ಕೆ ಅದೇ ಉದ್ಯೋಗ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಶ್ರಾವ್ಯಾಗೆ ಇಪ್ಪತ್ತಾರು. ಮನೆಗಳ ಒಳಾಂಗಣ ವಿನ್ಯಾಸ ಅವಳ ಕೆಲಸ. ದೊಡ್ಡ ಕಂಪೆನಿಯೊಂದರಲ್ಲಿ ಮೂರು ವರ್ಷ ಇನ್ನೊಬ್ಬರ ಚಿತ್ರಗಳಿಗೆ ಅಳತೆ ಬರೆದು ಬೇಸತ್ತು, ಈ ವರ್ಷ ಸ್ವಂತ ಶುರುಮಾಡಿದಳು. ಮೊದಲನೆಯ ಕೆಲಸ ಸಿಕ್ಕಿದ್ದು ದಹಿಸರ್‌ನಲ್ಲಿ, ಹದಿನಾಲ್ಕನೆಯ ಮಹಡಿಯ ಫ್ಲ್ಯಾಟು. "ಅಮ್ಮಾ, ಎಲ್ಲಾ ನ್ಯಾಚುರಲ್. ಬೆತ್ತದ ಸೀಲಿಂಗ್, ಸೆಣಬಿನ ಪರದೆ, ಪಾಲಿಶ್ ಇಲ್ಲದ ಕಲ್ಲಿನ ನೆಲ. ಔರ್ ಏಕ್ ವಾಲ್, ಪೂರ್ತಿ ಬ್ಲ್ಯಾಕ್. ಸುಣ್ಣ ಮತ್ತೆ ಚಾರ್ಕೋಲ್. ಸಖತ್ ಬೋಲ್ಡ್" ಎಂದಳು.

"ಮನೆಯೊಳಗೆ ಕಪ್ಪು ಗೋಡೆಯೇನೇ?" ಎಂದೆ. ನೋಡಿ, ಮನುಷ್ಯ ಬದಲಾಗುವುದಿಲ್ಲ.

"ನಿಂಗೆ ಸಮಜ್ ಆಗಲ್ಲ ಅಮ್ಮಾ. ಇದು ಈಗಿನ ಸ್ಟೈಲು."

ಕಿಟಕಿಯ ಬಳಿ ಬೆನ್ನು ನೆಟ್ಟಗೆ ಮಾಡಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಬಸಳೆಯ ಎಲೆ ಬಿಡಿಸುತ್ತಿದ್ದರು. ಅವರ ಕೈ ಒಂದು ಕ್ಷಣ ನಿಂತಿತು. ನಾನು ಅದನ್ನು ನೋಡಿದೆ, ನೋಡಿ ಬಿಟ್ಟೆ.

ಹೋದ ತಿಂಗಳು, ಒಂದು ಮಂಗಳವಾರ ಸಂಜೆ, ಶ್ರಾವ್ಯಾ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತುಬಿಟ್ಟಳು. ಎರಡೂ ಅಂಗೈ ಕಪ್ಪು, ಕೆನ್ನೆಯ ಮೇಲೂ ಕಪ್ಪು, ಕಪ್ಪಿನ ನಡುವೆ ಕಣ್ಣೀರು ಇಳಿದ ದಾರಿ. ಗೋಡೆ ಕೆಟ್ಟಿತ್ತು. ಮಿಸ್ತ್ರಿ ಬಳಿದ ಮಸಿ ಒಣಗಿ ಬೂದುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ತೇಪೆ ಹಾಕಿದಂತಾಗಿತ್ತು. ಮುಟ್ಟಿದರೆ ಕೈಗೆ ಬರುತ್ತಿತ್ತು. ಮೇಣ ಹಚ್ಚಿ ನೋಡಿದರು, ಜಿಡ್ಡು ಜಿಡ್ಡಾಯಿತು. ಮನೆಯೊಡತಿ ಬೆರಳಾಡಿಸಿ, ಬೆರಳು ನೋಡಿಕೊಂಡು, ಹೇಳಿದ್ದರಂತೆ: ಶನಿವಾರ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಕೆರೆದು ಲ್ಯಾಮಿನೇಟ್ ಅಂಟಿಸಿಬಿಡಿ, ಉಳಿದ ಕೆಲಸ ನಾನು ಬೇರೆಯವರ ಹತ್ತಿರ ಮಾಡಿಸಿಕೊಳ್ಳುತ್ತೇನೆ.

"ಆ ಒಂದು ಗೋಡೆ ತೋರಿಸಿಯೇ ನಂಗೆ ಕೆಲಸ ಸಿಕ್ಕಿದ್ದು ಅಮ್ಮಾ. ಅದೇ ಹೋದ್ರೆ ನಾನು ವಾಪಸ್ ಆ ಆಫೀಸಿಗೇ ಹೋಗಬೇಕು" ಎಂದಳು.

ಕೆರೆದು ಎಂಬ ಮಾತು ಕೇಳಿದೊಡನೆ ಆ ಪೇಂಟರನ ಕರಣೆಯ ಸದ್ದು ಅಷ್ಟು ವರ್ಷಗಳ ಆಚೆಯಿಂದ ನೇರವಾಗಿ ಕಿವಿಗೆ ಬಂತು. ಎರಡು ದಿನ ಕೆರೆದರೂ ಬಿಡದೆ ಹಿಡಿದುಕೊಂಡಿದ್ದ ಗೋಡೆ ಅದು.

ಅತ್ತೆ ಸ್ಟೂಲಿನಿಂದ ಇಳಿದು ಬಂದರು. ಎಂಬತ್ತು ದಾಟಿದ ಹೆಂಗಸು, ನಡೆಯುವಾಗ ಒಂದು ಕೈ ಕುರ್ಚಿ, ಮೇಜು, ಫ್ರಿಜ್ಜು ಎಂದು ಹುಡುಕುತ್ತದೆ. ಗೋಡೆಯನ್ನು ಮಾತ್ರ ಹಿಡಿಯುವುದಿಲ್ಲ. ಮೊಮ್ಮಗಳ ಅಂಗೈಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳಲ್ಲಿ ತಿಕ್ಕಿದರು. ಮೂಸಿದರು.

"ಇದು ಮರದ ಇದ್ದಿಲು. ತರಿತರಿ ಉಂಟು. ಗೆರಟೆದ್ದು ಅಲ್ಲ."

"ಅಜ್ಜೀ, ಪ್ಲೀಸ್, ಈಗ ಬೇಡ…"

"ಲೋಳೆ ಎಂತ ಹಾಕಿದ್ರು?"

"ಲೋಳೆ? ಮತಲಬ್?"

"ಹೋಗ್ಲಿ. ಉಜ್ಜಿದ್ದು ಯಾವಾಗ?"

"ಒಣಗಿದ ಮೇಲೆ. ಎರಡು ದಿನ ಫ್ಯಾನ್ ಹಾಕಿ ಒಣಗಿಸಿ, ಆಮೇಲೆ ಮಶೀನಲ್ಲಿ."

ಅತ್ತೆ ನಕ್ಕರು. ತಮಾಷೆಗೆ ನಕ್ಕಿದ್ದಲ್ಲ. ಬಹಳ ದಿನದ ಮೇಲೆ ಊರಿನವರು ಯಾರೋ ಎದುರಿಗೆ ಸಿಕ್ಕಿದಾಗ ಬರುತ್ತದಲ್ಲ, ಆ ನಗು. "ಒಣಗಿದ ಮೇಲೆ ಉಜ್ಜಿದ್ರೆ ಎಂತ ಬರ್ತದೆ ಪುಳ್ಳೀ? ಮಸಿ ಬರ್ತದೆ. ಹಸಿ ಇರುವಾಗ ಕೂತು ಉಜ್ಜುದು. ನಾಲ್ಕು ದಿನ ಉಂಟಲ್ಲ, ಸಾಕು." ಪುಳ್ಳಿಗೆ, ಅಂದರೆ ಮೊಮ್ಮಗಳಿಗೆ, ಅಷ್ಟು ಹೇಳಿ ನನ್ನ ಕಡೆ ತಿರುಗಿ, ನೀರಿನ ಲೋಟ ಕೇಳುವಷ್ಟು ಸಹಜವಾಗಿ ಹೇಳಿದರು: "ಮಾರಾಯ್ತಿ, ಆ ಕಲ್ಲು ಕೊಡು."

"ಯಾವ ಕಲ್ಲು ಅತ್ತೆ?"

ಅವರು ಬೆರಳು ತೋರಿಸಲಿಲ್ಲ, ಗಲ್ಲ ಎತ್ತಿ ಅಡುಗೆಮನೆಯ ಕಡೆ ತೋರಿಸಿದರು. ಕಟ್ಟೆಯ ಮೇಲೆ ದೋಸೆಹಿಟ್ಟಿನ ಪಾತ್ರೆ, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು.

ನನ್ನ ಸ್ಥಿತಿಯನ್ನು ನೀವೇ ಊಹಿಸಿ. ಆ ಕಲ್ಲನ್ನು ನಾನು ಎಷ್ಟು ಸಾವಿರ ಬಾರಿ ಎತ್ತಿಟ್ಟಿದ್ದೇನೆ! ಅದರ ಒಂದು ಬದಿ ಮಾತ್ರ ಯಾಕೆ ಚಪ್ಪಟೆಯಾಗಿ, ಯಾಕೆ ಅಷ್ಟು ನುಣುಪಾಗಿ ಸವೆದಿದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಅದು ಅತ್ತೆಯ ತಾಯಿ ಗೋಡೆ ಉಜ್ಜಿದ್ದ, ಆಕೆಯ ತಾಯಿಯೂ ಉಜ್ಜಿದ್ದ ಕಲ್ಲಂತೆ. ಮದುವೆಯಾಗಿ ಮುಂಬಯಿಗೆ ಹೊರಟಾಗ ಸೀರೆಯ ಮಡಿಕೆಯೊಳಗಿಟ್ಟು ಕಳಿಸಿದ್ದರಂತೆ. ಇದನ್ನೆಲ್ಲ ಅತ್ತೆ ಆಗ ಹೇಳಿದ್ದಲ್ಲ, ಆಮೇಲೆ ಟ್ಯಾಕ್ಸಿಯಲ್ಲಿ, ಶ್ರಾವ್ಯಾ ಕೆದಕಿ ಕೆದಕಿ ಕೇಳಿದಾಗ. ಆಗ ಅವರು ಸುಮ್ಮನೆ ಕೈ ಚಾಚಿದರು. ನಾನು ಕಲ್ಲು ತೊಳೆದು ಕೊಟ್ಟೆ. ಅವರ ಮುಷ್ಟಿ ಅದರ ಮೇಲೆ ಮುಚ್ಚಿಕೊಂಡಿತು. ಬೀಗ ಬಿದ್ದ ಸದ್ದೇ ಕೇಳಿಸಿದಂತಾಯಿತು ನನಗೆ.

"ಒಂದು ಮಾತು ಹೇಳಬಾರದಿತ್ತೇ ಅತ್ತೆ, ಇಷ್ಟು ವರ್ಷ?"

"ಹೇಳುದೆಂತ? ಹಿಟ್ಟು ಚೆಲ್ಲದ ಹಾಗೆ ಹಿಡಿದು ಕೂತಿತ್ತಲ್ಲ. ಅದಕ್ಕೂ ಕೆಲಸ ಬೇಕು."

ಬುಧವಾರ ಮಾತುಂಗಾದ ಪರಿಚಯದ ಹೋಟೆಲಿನಿಂದ ಯಜಮಾನರು ಗೋಣಿ ತುಂಬ ಗೆರಟೆ ತಂದರು, ಮೂವತ್ತು ವರ್ಷದ ಹಿಂದೆ ಅವರ ಅಪ್ಪ ತಂದಂತೆ. ಸೊಸೈಟಿಯ ಕಾಂಪೌಂಡಿನ ದಾಸವಾಳಕ್ಕೆ ಕುರ್ಲಾದ ಗಿಡಕ್ಕಾದ ಗತಿಯೇ ಆಯಿತು. ಮಧ್ಯಾಹ್ನ ಮಸಿಯ ಡಬ್ಬಿ, ಲೋಳೆಯ ಬಕೆಟ್ಟು, ಒಂದು ಮಣೆ, ಒಂದು ಎಂಬತ್ತು ದಾಟಿದ ಅಜ್ಜಿ, ಇಷ್ಟನ್ನು ಹೇರಿಕೊಂಡು ನಮ್ಮ ಟ್ಯಾಕ್ಸಿ ದಹಿಸರ್‌ಗೆ ಹೊರಟಿತು. ಕಲ್ಲು ಅತ್ತೆಯ ಮಡಿಲಲ್ಲಿತ್ತು.

ಆ ಮನೆಯನ್ನು ನಾನು ಮೊದಲ ಬಾರಿಗೆ ನೋಡಿದೆ. ನಾನು ಕಂಡ ಚೆಂದದ ಮನೆಗಳೆಲ್ಲ ಹೊಳೆಯುತ್ತಿದ್ದವು. ಇದು ಹೊಳೆಯುತ್ತಿರಲಿಲ್ಲ, ಉಸಿರಾಡುತ್ತಿತ್ತು. ತಲೆಯ ಮೇಲೆ ಹೆಣೆದ ಬೆತ್ತ, ಅದರ ಸಂದಿಯಿಂದ ಇಳಿಯುವ ಬೆಳಕು. ಕಾಲ ಕೆಳಗೆ ತಣ್ಣನೆಯ ಒರಟು ಕಲ್ಲು. ಒಂದೇ ಮರದ ಹಲಗೆಯ ಉದ್ದನೆಯ ಬೆಂಚು, ಅಂಚಿನಲ್ಲಿ ತೊಗಟೆಯನ್ನು ಹಾಗೇ ಬಿಟ್ಟಿದ್ದಾರೆ. ಪಶ್ಚಿಮಕ್ಕೆ ಇಡೀ ಗೋಡೆಯಷ್ಟು ಕಿಟಕಿ, ಕೆಳಗೆ ಸಮುದ್ರದ ಹಿನ್ನೀರು, ಅದರಂಚಿಗೆ ಕಾಂಡ್ಲ ಗಿಡಗಳ ಹಸಿರು. ಇದೆಲ್ಲ ನಾನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ ಹುಡುಗಿಯ ತಲೆಯೊಳಗಿತ್ತೇ? ಎಲ್ಲಿ ಅಡಗಿಸಿಟ್ಟಿದ್ದಳು? ಆ ಕಿಟಕಿಗೆ ಎದುರಾಗಿ, ನೆಲದಿಂದ ಸೂರಿನ ತನಕ, ಅವಳ ಗೋಡೆ. ಬೂದಿ ಬಳಿದುಕೊಂಡು ನಿಂತ ಆನೆಯ ಹಾಗೆ ಕಾಣುತ್ತಿತ್ತು.

ಅತ್ತೆ ಮೇಲಿಂದ ಕೆಳಗೆ ನೋಡಿದರು. "ಇಷ್ಟು ಎತ್ತರ ಯಾರ ತಲೆ ತಾಗ್ತದೆ?" ಎಂದಷ್ಟೇ ಕೇಳಿದರು.

ಮಿಸ್ತ್ರಿ ಉತ್ತರಪ್ರದೇಶದವರು, ಐವತ್ತು ದಾಟಿದವರು, ಮೂವತ್ತು ವರ್ಷದಿಂದ ಗೋಡೆಯ ಕೆಲಸ ಮಾಡಿದವರು. ಮುದುಕಿಯೊಬ್ಬರು ಬಂದು ಕಲಿಸುತ್ತಾರೆಂದರೆ ಯಾರಿಗೆ ರುಚಿಸೀತು? ಕೈ ಕಟ್ಟಿ ನಿಂತರು. ಅತ್ತೆ ಅವರತ್ತ ನೋಡಲಿಲ್ಲ. ಬೂದಿಯೆಲ್ಲ ಒರೆಸಿಸಿ, ಗೋಡೆಗೆ ನೀರು ಚಿಮುಕಿಸಿ, ಫ್ಯಾನು ನಿಲ್ಲಿಸಿ ಎಂದರು. ಮಣೆಯ ಮೇಲೆ ಕೂತು, ಲೋಳೆಯಲ್ಲಿ ಕಲಸಿದ ಮಸಿಯನ್ನು ಒಂದು ಮೂಲೆಗೆ ಕೈಯಲ್ಲೇ ಸವರಿದರು. ಕಾದರು. ಎಷ್ಟು ಕಾಯಬೇಕೆಂದು ಗಡಿಯಾರ ನೋಡಲಿಲ್ಲ, ಅಂಗೈಯ ಹಿಂಭಾಗವನ್ನು ಗೋಡೆಗೆ ತಾಗಿಸಿ ನೋಡಿದರು, ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಕಲ್ಲು ಇಟ್ಟರು.

ಸಣ್ಣ ಸಣ್ಣ ಸುತ್ತು. ಮೊದಲು ಏನೂ ಆಗಲಿಲ್ಲ. ಹಸಿ ಕಪ್ಪು ಹಸಿ ಕಪ್ಪಾಗಿಯೇ ಇತ್ತು. ಐದು ನಿಮಿಷ, ಹತ್ತು ನಿಮಿಷ. ಶ್ರಾವ್ಯಾ ಉಗುರು ಕಚ್ಚುತ್ತಿದ್ದಳು. ನಾನು ಅತ್ತೆಯ ಮೊಣಕೈಯನ್ನೇ ನೋಡುತ್ತಿದ್ದೆ. ಆಗ, ಯಾವ ಕ್ಷಣದಲ್ಲೆಂದು ನನಗೀಗಲೂ ಹೇಳಲಾಗದು, ಗೋಡೆ ಕಣ್ಣು ಬಿಟ್ಟಿತು. ಒಂದು ಗೇಣು ಜಾಗದಲ್ಲಿ ಕಪ್ಪು ಆಳಕ್ಕೆ ಇಳಿಯಿತು, ಇಳಿದು ಬಾವಿಯ ನೀರಾಯಿತು. ಆ ನೀರಿನಲ್ಲಿ ಮೊದಲು ಕಿಟಕಿಯ ಚೌಕಟ್ಟು ಮೂಡಿತು, ಆಮೇಲೆ ಆಕಾಶ, ಆಮೇಲೆ ಆಕಾಶದಲ್ಲಿ ಹಾರಿಹೋದ ಒಂದು ಕೊಕ್ಕರೆ. ಹಕ್ಕಿ ಗೋಡೆಯೊಳಗಿಂದ ದಾಟಿ ಹೋದದ್ದನ್ನು ನಾವು ನಾಲ್ವರೂ ನೋಡಿದೆವು. ಮಿಸ್ತ್ರಿ ಕಟ್ಟಿದ್ದ ಕೈ ಬಿಟ್ಟು, ಮೆಲ್ಲಗೆ ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, "ಮಾಜೀ, ಮುಝೇ ದಿಖಾಯಿಯೇ" ಎಂದರು. ತೋರಿಸಿ ಕೊಡಿ ಎಂದು.

ನನ್ನ ಕಣ್ಣಲ್ಲಿ ನೀರು ಬಂದದ್ದು ಗೋಡೆಯ ಚೆಂದಕ್ಕೇ ಎಂದು ಆಗ ಅಂದುಕೊಂಡೆ. ಪೂರ್ತಿ ಅದೇ ಅಲ್ಲ. ಇಂಥದೊಂದನ್ನು ಹನ್ನೆರಡಡಿ ಕೋಣೆಯಲ್ಲಿ, ವರ್ಷ ವರ್ಷ, ಯಾರೂ ಹೊಗಳದೆ, ಒಬ್ಬ ಹೆಂಗಸು ಮಾಡಿಕೊಂಡು ಬಂದಿದ್ದಳು. ನಾನು ಅದನ್ನು ಬಡತನ ಎಂದುಕೊಂಡೆ.

ಉಜ್ಜುವುದು ನಾಲ್ವರ ಕೆಲಸವಾಯಿತು. ಮಿಸ್ತ್ರಿ ಎಲ್ಲಿಂದಲೋ ಇನ್ನೂ ಮೂರು ನದಿಯ ಕಲ್ಲು ತಂದರು. ಮೇಲಿನ ಭಾಗಕ್ಕೆ ಅವರು ಏಣಿ ಹತ್ತಿದರು, ಸೊಂಟದೆತ್ತರ ಶ್ರಾವ್ಯಾದು, ಕೆಳಗೆ ಅತ್ತೆ ಮತ್ತು ನಾನು. ಈ ಬಾರಿ ನನಗೆ ಕಾಗದದ ಕೆಲಸವಿರಲಿಲ್ಲ. ಗುರುವಾರ ಬೆರಳಿಗೆ ಬೊಬ್ಬೆ ಬಂತು, ಶುಕ್ರವಾರ ಭುಜ ಎತ್ತಲಾಗಲಿಲ್ಲ. ಅತ್ತೆ ಮಧ್ಯೆ ಮಧ್ಯೆ, "ಅದು ಉಜ್ಜುದಾ ಮಾರಾಯ್ತಿ, ಇಲ್ಲ ಬೆಕ್ಕಿನ ಬೆನ್ನು ಸವರುದಾ?" ಎಂದು ಕುಟುಕುತ್ತಿದ್ದರು.

"ನಿಮ್ಮ ಸೊಸೆ ಟೈಪಿಸ್ಟ್ ಅತ್ತೆ. ಬೆರಳ ತುದಿ ಮಾತ್ರ ಗಟ್ಟಿ."

"ಅದು ನನಗೆ ಮೊದಲೇ ಗೊತ್ತುಂಟು."

ಶನಿವಾರ ಹನ್ನೊಂದಕ್ಕೆ ಮನೆಯೊಡತಿ ಬಂದರು. ಅವರು ಒಳಗೆ ಕಾಲಿಡುವುದಕ್ಕೂ, ದಣಿದಿದ್ದ ಅತ್ತೆ ತಮಗೇ ತಿಳಿಯದಂತೆ ಹಿಂದಕ್ಕೆ ಸರಿದು ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚುವುದಕ್ಕೂ ಸರಿಹೋಯಿತು. "ಅಜ್ಜೀ, ತೇಲ್! ಎಣ್ಣೆ!" ಎಂದು ಶ್ರಾವ್ಯಾ ಪಿಸುಗುಟ್ಟಿದಳು. ಅವಳ ಮುಖ ಬಿಳಿಚಿಕೊಂಡಿತು. ನಾನು ಅವಳ ಕೈ ಹಿಡಿದು ಅದುಮಿದೆ. ಯಾರು ಏನೇ ಅಂದರೂ ಅತ್ತೆಯನ್ನು ಆ ಗೋಡೆಯಿಂದ ಎಬ್ಬಿಸಲು ನಾನು ಬಿಡುವವಳಿರಲಿಲ್ಲ. ಎಷ್ಟು ವರ್ಷದ ಮೇಲೆ ಒರಗಿದ್ದರು!

ಮನೆಯೊಡತಿ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ತೆಗೆದು ನೋಡಿಕೊಂಡರು. ಶುಭ್ರವಾಗಿತ್ತು. ಆಮೇಲೆ ಅವರ ಕಣ್ಣು ಅತ್ತೆಯ ತಲೆಯ ಪಕ್ಕದ ದುಂಡನೆಯ ಹೊಳಪಿನ ಮೇಲೆ ಬಿತ್ತು. ಇದೇನು ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ಕಣ್ಣು ಬಿಟ್ಟು, ನಿಧಾನವಾಗಿ, ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು: "ಬಾಕಿ ಕಾಮ್ ಆಪ್ ಕಾ ಹೈ. ಸರ್ ಮೇಂ ತೇಲ್ ಡಾಲೋ, ಔರ್ ಬೈಠೋ." ಉಳಿದ ಕೆಲಸ ನಿಮ್ಮದು, ತಲೆಗೆ ಎಣ್ಣೆ ಹಾಕಿ, ಬಂದು ಕೂತುಕೊಳ್ಳಿ.

ಆಕೆ ನಕ್ಕುಬಿಟ್ಟರು. ಚಪ್ಪಲಿ ಕಳಚಿ, ದುಬಾರಿ ಸೀರೆಯಲ್ಲೇ ನೆಲದ ಮೇಲೆ ಕೂತು, ಅತ್ತೆಯ ಪಕ್ಕದಲ್ಲಿ ಬೆನ್ನೊರಗಿಸಿದರು. ಲ್ಯಾಮಿನೇಟಿನ ಮಾತು ಮತ್ತೆ ಬರಲಿಲ್ಲ. ಮಲಗುವ ಕೋಣೆಗೂ ಒಂದು ಗೋಡೆ ಬೇಕು ಎಂಬ ಮಾತು ಬಂತು. ಶ್ರಾವ್ಯಾ ಅಡುಗೆಮನೆಯ ಕಡೆ ಹೋದಳು, ಅಳುವುದಕ್ಕೆ.

ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ನಾನು ಶುರುಮಾಡಿದೆ. "ಅತ್ತೆ, ಆ ಕುರ್ಲಾದ ಗುಲಾಬಿ ಪೇಂಟು…"

"ನಿನಗೆ ಚಂದ ಅಂತ ಮಾಡಿದ್ದಲ್ವಾ?"

"ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಬೇಕಿತ್ತು" ಎಂದರು. ಆ ಒಂದು ಮಾತನ್ನು ಮೆತ್ತಗೆ ಮಾಡಲಿಲ್ಲ. ಅಂಧೇರಿ ದಾಟುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ, "ಪೇಂಟು ಒಳ್ಳೇದೇ. ಆದ್ರೆ ಪೆಪ್ಪರಮಿಂಟಿನ ಡಬ್ಬಿಯ ಒಳಗೆ ಕೂತ ಹಾಗೆ ಆಗ್ತಿತ್ತು ಮಾರಾಯ್ತಿ!" ಎಂದರು. ಮುಂದೆ ಕೂತಿದ್ದ ಶ್ರಾವ್ಯಾ ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕರು. ನಾನು ಕೊನೆಯಲ್ಲಿ ನಕ್ಕೆ.

ಈಗ ಹೇಳಿ, ಇವತ್ತು ಬೆಳಿಗ್ಗೆ ನಾನು ಗೆರಟೆ ಸುಡದೆ ಇನ್ನೇನು ಮಾಡಲಿ? ನಮ್ಮ ಹಾಲ್‌ನಲ್ಲಿ, ಅತ್ತೆಯ ಸ್ಟೂಲಿನ ಹಿಂದಿನ ಗೋಡೆಯ ಡಿಸ್ಟೆಂಪರನ್ನು ಕೆರೆಸಿದ್ದೇನೆ. ಈ ಬಾರಿ ಮೊದಲೇ ಕೇಳಿ. ಎತ್ತರ ಸೊಂಟದ ತನಕ ಮಾತ್ರ. "ಅದಕ್ಕಿಂತ ಮೇಲೆ ಬೇಡ, ನಮ್ಮಲ್ಲಿ ಯಾರೂ ಅಷ್ಟು ಉದ್ದ ಇಲ್ಲ" ಎಂಬುದು ಅಪ್ಪಣೆ. ಶ್ರಾವ್ಯಾ ಸೈಟಿಗೆ ಹೋಗುವ ಮುಂಚೆ ಒಂದು ಗೇಣು ಉಜ್ಜಿ ಹೋಗಿದ್ದಾಳೆ. ಉಳಿದದ್ದು ನನಗೆ. ದೋಸೆಹಿಟ್ಟಿನ ಮುಚ್ಚಳದ ಮೇಲೆ ಈಗ ಯಜಮಾನರ ವ್ಯಾಯಾಮದ ಡಂಬೆಲ್ ಕೂತಿದೆ. ಅದಕ್ಕೂ ಕೆಲಸ ಬೇಕಾಗಿತ್ತು, ಕೊಂಡ ದಿನದಿಂದ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದಷ್ಟು ಜಾಗ ಕಣ್ಣು ಬಿಟ್ಟಿತು. ಅದರೊಳಗೆ ನಮ್ಮ ಕಿಟಕಿಯ ಗ್ರಿಲ್, ಗ್ರಿಲ್ಲಿನ ತುಳಸಿ, ಎದುರು ಬಿಲ್ಡಿಂಗಿನಲ್ಲಿ ಒಣಹಾಕಿದ ಹಳದಿ ಟವೆಲ್ಲು. ದಿನಾ ಕಾಣುವುದೇ. ಆದರೆ ಆ ಕಪ್ಪಿನೊಳಗೆ ಅವೆಲ್ಲ ಯಾರೋ ಜೋಪಾನವಾಗಿ ಎತ್ತಿಟ್ಟ ಒಡವೆಗಳ ಹಾಗೆ ಕಂಡವು. ನಾನು ಕಲ್ಲು ಹಿಡಿದುಕೊಂಡೇ ನೋಡುತ್ತ ಕೂತೆ.

ಅತ್ತೆ ಸ್ಟೂಲನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ, ನನ್ನ ಭುಜ ಹಿಡಿದು ನೆಲಕ್ಕಿಳಿದರು. ಕಾಲು ಚಾಚಿದರು. ತಲೆ ಹಿಂದಕ್ಕೆ ಹೋಯಿತು, ಗೋಡೆ ಸಿಕ್ಕಿತು. ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

"ಎಂತ ನೋಡುದು? ಹೊಸ ಗೋಡೆಗೆ ತಲೆ ಬೇಕು. ಇದು ನಿಂದು."

ನಾನು ಎದ್ದು ಹೋಗಿ ಎಣ್ಣೆಯ ಬಾಟಲಿ ತಂದೆ.